ಕರಿಹಲಗೆಯ ಮೇಲಿನ ಸಾಲು

ಹನ್ನೊಂದು ವರ್ಷ, ಶಾಲೆ ನಡೆದ ಪ್ರತಿದಿನ ಬೆಳಿಗ್ಗೆ, ಹಜಾರದ ಕರಿಹಲಗೆಯ ಮೇಲೆ ನಾನೊಂದು ಸಾಲು ಬರೆಯುತ್ತಿದ್ದೆ. ಯಾರೋ ದೊಡ್ಡವರ ಮಾತು, ಕೆಳಗೆ ಅವರ ಹೆಸರು. ಯಾರೂ ವಹಿಸಿದ ಕೆಲಸವಲ್ಲ. ಮಕ್ಕಳು ಒಳಗೆ ಬರುವಾಗ ಅವರ ಕಣ್ಣಿಗೆ ಬೀಳುವ ಮೊದಲ ಅಕ್ಷರಗಳು ಒಳ್ಳೆಯವಾಗಿರಲಿ ಎಂಬ ಆಸೆಯಿಂದ ನಾನಾಗಿಯೇ ಹಚ್ಚಿಕೊಂಡದ್ದು. ಸಾಲುಗಳನ್ನು ಹುಡುಕಿ ಬರೆದಿಟ್ಟುಕೊಳ್ಳಲು ಒಂದು ನೋಟ್‌ಬುಕ್ ಇಟ್ಟೆ. ಅದು ತುಂಬಿತು, ಇನ್ನೊಂದಾಯಿತು, ಕೊನೆಗೆ ಐದಾದವು.

ಒಂದು ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಬೆನ್ನ ಹಿಂದೆ ನಿಂತು, ನಾನು ಬರೆದು ಮುಗಿಸುವವರೆಗೂ ಕಾದಳು. ಸಾಲನ್ನು ಎರಡು ಸಲ ಓದಿಕೊಂಡಳು. ಆಮೇಲೆ ಕೇಳಿದಳು: "ಟೀಚರ್, ದಿನವೂ ಒಂದೊಂದು ಬರೆಯುತ್ತೀರಲ್ಲ, ಇವುಗಳಲ್ಲಿ ನೀವು ಯಾವುದನ್ನು ಮಾಡಿ ನೋಡಿದ್ದೀರಿ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ವಿಜ್ಞಾನದ ಪ್ರಯೋಗದ ಬಗ್ಗೆ ಕೇಳುವಷ್ಟೇ ಸಹಜವಾಗಿ ಕೇಳಿದ್ದಳು. ನನಗೆ ಉತ್ತರ ಹೊಳೆಯಲಿಲ್ಲ. "ಯೋಚಿಸಿ ಹೇಳುತ್ತೇನೆ" ಎಂದೆ. ಅವಳು ತಲೆಯಾಡಿಸಿ ತರಗತಿಗೆ ಹೋದಳು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಕೈಯಲ್ಲೇ ಉಳಿಯಿತು.

ಆ ರಾತ್ರಿ ಐದೂ ನೋಟ್‌ಬುಕ್‌ಗಳನ್ನು ಮುಂದೆ ಹರವಿಕೊಂಡು ಕೆಂಪು ಪೆನ್ಸಿಲ್ ಹಿಡಿದು ಕುಳಿತೆ. ನನ್ನ ಕಷ್ಟದ ಗಳಿಗೆಯಲ್ಲಿ ನಿಜವಾಗಿ ನೆರವಿಗೆ ಬಂದ ಸಾಲುಗಳಿಗೆ ಮಾತ್ರ ಗುರುತು ಹಾಕಬೇಕು, ಮೆಚ್ಚಿದ್ದಕ್ಕೆ, ಬಾಯಿಪಾಠವಾದದ್ದಕ್ಕೆ ಹಾಕಬಾರದು ಎಂದು ನಿಶ್ಚಯಿಸಿದೆ. ಮೊದಲ ನೋಟ್‌ಬುಕ್ ಮುಗಿಯಿತು, ಪೆನ್ಸಿಲ್ ಕಾಗದವನ್ನು ಮುಟ್ಟಿರಲಿಲ್ಲ.

ಓದುತ್ತಾ ಹೋದಂತೆ ಇನ್ನೊಂದು ಸಂಗತಿ ಕಾಡತೊಡಗಿತು. ಈ ಮಾತುಗಳನ್ನು ಹೇಳಿದವರು ಯಾವ ಸ್ಥಿತಿಯಲ್ಲಿದ್ದು ಹೇಳಿದರು? ಅದರ ಬಗ್ಗೆ ನಾನು ಒಂದು ದಿನವೂ ತಲೆ ಕೆಡಿಸಿಕೊಂಡಿರಲಿಲ್ಲ. ಹುಡುಕಲು ಶುರುಮಾಡಿದೆ. ಕೆಲವು ಮಾತುಗಳಿಗೆ ತಾಯಿಬೇರೇ ಇರಲಿಲ್ಲ. ಜಗತ್ತಿನಲ್ಲಿ ನೀನು ಕಾಣಬಯಸುವ ಬದಲಾವಣೆ ನೀನೇ ಆಗು ಎಂದು ಗಾಂಧೀಜಿಯ ಹೆಸರಿನಲ್ಲಿ ಎಷ್ಟು ಸಲ ಬರೆದಿದ್ದೆನೋ! ಆ ರೂಪದಲ್ಲಿ ಆ ಮಾತು ಅವರ ಬರಹಗಳಲ್ಲಿ ಇಲ್ಲ. 1913ರಲ್ಲಿ ಅವರು ಬರೆದದ್ದು ಇನ್ನಷ್ಟು ನಿಧಾನದ, ಇನ್ನಷ್ಟು ಎಚ್ಚರದ ಮಾತು: ನಾವು ನಮ್ಮನ್ನು ಬದಲಿಸಿಕೊಳ್ಳಬಲ್ಲೆವಾದರೆ ಲೋಕದ ಒಲವುಗಳೂ ಬದಲಾಗುತ್ತವೆ, ಮನುಷ್ಯ ತನ್ನ ಸ್ವಭಾವವನ್ನು ತಿದ್ದಿಕೊಂಡಂತೆ ಲೋಕವು ಅವನನ್ನು ಕಾಣುವ ರೀತಿಯೂ ಬೇರೆಯಾಗುತ್ತದೆ. ಅದೇ ವರ್ಷ ಅವರು ದಕ್ಷಿಣ ಆಫ್ರಿಕಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರೊಂದಿಗೆ ಗಡಿ ದಾಟಿ ನಡೆದು ಸೆರೆಮನೆ ಸೇರಿದರು. ಆ ನಡಿಗೆಯನ್ನು ಬಿಟ್ಟು ಮಾತನ್ನಷ್ಟೇ ಕತ್ತರಿಸಿಕೊಂಡಾಗ ಅದು ಹಗುರವಾಯಿತು, ಹಲಗೆಯ ಮೇಲೆ ಚೆನ್ನಾಗಿ ಕೂತಿತು. ಭಾರವೆಲ್ಲ ನಡೆದವರ ಕಾಲಿನಲ್ಲೇ ಉಳಿಯಿತು.

ನಮ್ಮ ಭಾಷೆಯಲ್ಲೇ ಇದಕ್ಕಿಂತ ಕಣ್ಣು ತೆರೆಸುವ ಉದಾಹರಣೆಯಿದೆ. ನುಡಿದರೆ ಮುತ್ತಿನ ಹಾರದಂತಿರಬೇಕು ಎಂಬ ಬಸವಣ್ಣನವರ ವಚನ ಯಾರಿಗೆ ಗೊತ್ತಿಲ್ಲ? ಮುತ್ತು, ಮಾಣಿಕ್ಯ, ಸ್ಫಟಿಕ ಎಂದು ನಾವು ಅದನ್ನು ಮಾತಿನ ಸೊಗಸಿಗೆ ಪ್ರಮಾಣವಾಗಿ ಹೇಳುತ್ತೇವೆ. ನಾನೂ ಹಲಗೆಯ ಮೇಲೆ ಅಲ್ಲಿಯವರೆಗೇ ಬರೆದಿದ್ದೆ. ವಚನ ಅಲ್ಲಿಗೆ ನಿಲ್ಲುವುದಿಲ್ಲ. ನುಡಿಯೊಳಗಾಗಿ ನಡೆಯದಿದ್ದರೆ ದೇವರು ಹೇಗೆ ಒಲಿಯುತ್ತಾನೆ ಎಂದು ಅದು ಕೊನೆಯಲ್ಲಿ ತಿರುಗಿ ಕೇಳುತ್ತದೆ. ಹಾರವನ್ನು ಎತ್ತಿಕೊಂಡೆವು, ಪ್ರಶ್ನೆಯನ್ನು ಅಲ್ಲೇ ಬಿಟ್ಟೆವು. ಎಂಟನೆಯ ತರಗತಿಯ ಹುಡುಗಿ ಕೇಳಿದ್ದೂ ಹನ್ನೆರಡನೆಯ ಶತಮಾನದ ಆ ಪ್ರಶ್ನೆಯನ್ನೇ.

ಗುಲಾಮನಾಗಿ ಹುಟ್ಟಿ, ಬಿಡುಗಡೆಯಾದ ಮೇಲೆ ಗುರುವಾದ ಪ್ರಾಚೀನ ಗ್ರೀಕ್ ಚಿಂತಕ ಎಪಿಕ್ಟೆಟಸ್ ತನ್ನ ಶಿಷ್ಯರಿಗೆ ಹೇಳುತ್ತಿದ್ದ ಒಂದು ಹೋಲಿಕೆ ಆ ರಾತ್ರಿ ಸಿಕ್ಕಿತು. ತಾವು ಎಷ್ಟು ಮೇಯ್ದೆವೆಂದು ತೋರಿಸಲು ಕುರಿಗಳು ಹುಲ್ಲನ್ನು ಕುರುಬನ ಮುಂದೆ ತಂದು ಸುರಿಯುವುದಿಲ್ಲ, ಒಳಗೇ ಅರಗಿಸಿಕೊಂಡು ಉಣ್ಣೆಯನ್ನೂ ಹಾಲನ್ನೂ ಕೊಡುತ್ತವೆ. ಇದನ್ನು ಹೇಳಿದವನು ಸ್ವತಃ ಒಂದಕ್ಷರವನ್ನೂ ಬರೆದಿಡಲಿಲ್ಲ. ನಮಗೆ ಉಳಿದಿರುವುದು ಏರಿಯನ್ ಎಂಬ ಶಿಷ್ಯ ಗುರುತುಹಾಕಿಕೊಂಡದ್ದು. ಆ ಟಿಪ್ಪಣಿಗಳು ಮುಂದೆ ರೋಮ್‌ನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ಕೈ ಸೇರಿದವು. ತನಗೆ ಅದನ್ನು ಓದಲು ಕೊಟ್ಟ ಗುರುವಿಗೆ ಅವನು ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದ್ದಾನೆ. ಕಾಲಿನಲ್ಲಿ ಊನವಿದ್ದ ಗುಲಾಮನೊಬ್ಬನ ಮಾತು ಚಕ್ರವರ್ತಿಯ ಬೆಳಗುಗಳನ್ನು ರೂಪಿಸಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮೂರನೆಯ ನೋಟ್‌ಬುಕ್ ತೆರೆದಾಗ ಕೈ ತಡೆಯಿತು. ಅದು ನನ್ನ ಕೆಟ್ಟ ವರ್ಷದ ಪುಸ್ತಕ. ಕೆಟ್ಟ ವರ್ಷ ಎಂದರೆ ಏನೋ ದುರಂತ ನಡೆಯಿತೆಂದು ನೀವು ಭಾವಿಸಬಹುದು. ಏನೂ ನಡೆದಿರಲಿಲ್ಲ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದರು, ಕೆಲಸವಿತ್ತು, ಮಕ್ಕಳು ನನ್ನನ್ನು ಇಷ್ಟಪಡುತ್ತಿದ್ದರು. ಒಂದು ಮುಂಜಾನೆ ಎದ್ದಾಗ ಯಾವುದಕ್ಕೂ ರುಚಿಯಿರಲಿಲ್ಲ, ಅಷ್ಟೆ. ಆ ರುಚಿ ಮರುದಿನವೂ ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ದುಃಖವಾಗಿದ್ದರೆ ಅಳಬಹುದಿತ್ತು, ಯಾರಲ್ಲಾದರೂ ಹೇಳಿಕೊಳ್ಳಬಹುದಿತ್ತು. ಇದು ದುಃಖವೂ ಅಲ್ಲ. ಕಾರಣವಿಲ್ಲದ ನೋವನ್ನು ಇನ್ನೊಬ್ಬರ ಮುಂದೆ ಇಡುವುದು ಹೇಗೆ? ನೋಟ್‌ಬುಕ್‌ನಲ್ಲಿ ಮಾತ್ರ ಆ ವರ್ಷದ ಸುಳಿವೇ ಇಲ್ಲ. ಅಕ್ಷರಗಳು ಎಂದಿಗಿಂತ ದುಂಡಾಗಿವೆ. ಬದುಕಿನ ಚೆಲುವಿನ ಬಗ್ಗೆ, ಉತ್ಸಾಹದ ಬಗ್ಗೆ ಒಂದಕ್ಕಿಂತ ಒಂದು ಸುಂದರವಾದ ಸಾಲುಗಳಿವೆ. ಬೆಳಿಗ್ಗೆ ಅವನ್ನು ಹಲಗೆಗೆ ಇಳಿಸುತ್ತಿದ್ದೆ, ಆಮೇಲೆ ತರಗತಿಗೆ ಹೋಗುವ ಮುನ್ನ ಮೆಟ್ಟಿಲ ಮೇಲೆ ಕೆಲವು ನಿಮಿಷ ನಿಂತು ಉಸಿರು ಕೂಡಿಸಿಕೊಳ್ಳುತ್ತಿದ್ದೆ.

ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್‌ನ ಕಥೆ ಆಗ ನನಗೆ ಗೊತ್ತಿದ್ದರೆ ಎಷ್ಟು ಆಸರೆಯಾಗುತ್ತಿತ್ತು ಎಂದು ಈಗ ಅನಿಸುತ್ತದೆ. ಮೂರನೆಯ ವಯಸ್ಸಿಗೆ ಗ್ರೀಕ್ ಕಲಿತ ಹುಡುಗ ಅವನು. ಲೋಕವನ್ನು ಸುಧಾರಿಸುವುದಕ್ಕೆಂದೇ ತಂದೆ ಅವನನ್ನು ತಿದ್ದಿ ತೀಡಿ ಬೆಳೆಸಿದ್ದ. 1826ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವನು ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡ. ನೀನು ಬಯಸುವ ಸುಧಾರಣೆಗಳೆಲ್ಲ ಈ ಕ್ಷಣವೇ ಕೈಗೂಡಿದರೆ ನಿನಗೆ ಮಹಾ ಸಂತೋಷವಾಗುತ್ತದೆಯೇ? ಒಳಗಿನಿಂದ ಬಂದ ಉತ್ತರ, ಇಲ್ಲ. ಬಾಳನ್ನು ನಿಲ್ಲಿಸಿದ್ದ ಬುನಾದಿಯೇ ಕುಸಿಯಿತು ಎಂದು ಅವನು ಬರೆದುಕೊಂಡಿದ್ದಾನೆ. ಅವನಿಗೂ ಬೇರೇನೂ ಆಗಿರಲಿಲ್ಲ. ಅವನೂ ದಿನದ ಕೆಲಸಗಳನ್ನು ಬಿಡಲಿಲ್ಲ, ರೂಢಿಯ ಬಲದಿಂದ ಯಂತ್ರದಂತೆ ಮಾಡುತ್ತಲೇ ಇದ್ದ. ಹೇಳಿಕೊಳ್ಳಲು ಅವನಿಗೂ ಯಾರೂ ಇರಲಿಲ್ಲ.

ಅವನನ್ನು ಮೇಲೆತ್ತಿದ್ದು ಯಾವ ತತ್ತ್ವವೂ ಅಲ್ಲ. ಮಾರ್ಮೊಂಟೆಲ್ ಎಂಬ ಫ್ರೆಂಚ್ ಲೇಖಕನ ಆತ್ಮಕಥನವನ್ನು ಸುಮ್ಮನೆ ಓದುತ್ತಿದ್ದಾಗ ಒಂದು ಪ್ರಸಂಗ ಬಂತು. ತಂದೆ ತೀರಿಕೊಂಡಿದ್ದಾನೆ, ಮನೆಯವರು ಕಂಗಾಲಾಗಿದ್ದಾರೆ, ಆಗ ಹುಡುಗನಿಗೆ ತಟ್ಟನೆ ಅನಿಸುತ್ತದೆ: ಇವರು ಕಳೆದುಕೊಂಡದ್ದಕ್ಕೆಲ್ಲ ಇನ್ನು ನಾನೇ ಆಗುತ್ತೇನೆ. ಮಿಲ್‌ನ ಕಣ್ಣು ತುಂಬಿ ಬಂತು. ಒಳಗಿನ ಒರತೆ ಬತ್ತಿಲ್ಲ ಎಂದು ಗೊತ್ತಾದ ಆ ಗಳಿಗೆಯಿಂದ ಅವನ ಭಾರ ಇಳಿಯುತ್ತಾ ಬಂತು. 1828ರಲ್ಲಿ ವರ್ಡ್ಸ್‌ವರ್ತ್‌ನ ಕವಿತೆಗಳು ಉಳಿದ ಕೆಲಸ ಮಾಡಿದವು. ಅಷ್ಟು ಓದಿದ ಮಿಲ್ ಕೊನೆಗೆ ಕಂಡುಕೊಂಡದ್ದು ಇಷ್ಟು: ತಮ್ಮ ಸುಖದ ಹೊರತು ಬೇರೊಂದರ ಮೇಲೆ ಮನಸ್ಸಿಟ್ಟವರಿಗೇ ಸುಖ ಸಿಗುತ್ತದೆ, ಅದೂ ದಾರಿಯಲ್ಲಿ ಹೋಗುವಾಗ. ಸುಖವಾಗಿದ್ದೇನೆಯೇ ಎಂದು ಕೇಳಿಕೊಂಡೆಯೋ, ಅದು ಅಲ್ಲಿಗೇ ಇಲ್ಲವಾಗುತ್ತದೆ.

ಈ ಸಾಲು ನನ್ನ ನಾಲ್ಕನೆಯ ನೋಟ್‌ಬುಕ್‌ನಲ್ಲಿತ್ತು. ಕೆಂಪು ಪೆನ್ಸಿಲ್‌ನ ಮೊದಲ ಗುರುತು ಅದಕ್ಕೆ ಬಿತ್ತು. ಅದನ್ನು ಓದುವುದಕ್ಕಿಂತ ಮೊದಲೇ, ನನಗೇ ತಿಳಿಯದೆ, ಮಾಡಿ ನೋಡಿದ್ದೆ.

ನಡೆದದ್ದು ಹೀಗೆ. ಆ ಕೆಟ್ಟ ವರ್ಷದಲ್ಲಿ, ಗಣಿತ ಕಲಿಸುತ್ತಿದ್ದ ಹಿರಿಯರೊಬ್ಬರು ನನ್ನ ಬಳಿ ಬಂದು, "ಆರನೆಯ ತರಗತಿಯ ಆ ಹುಡುಗನಿಗೆ ಓದಲು ಬರುವುದಿಲ್ಲ. ಸಂಜೆ ಅರ್ಧ ಗಂಟೆ ಕೂರಿಸಿಕೊಂಡು ಓದಿಸಮ್ಮ. ನಾನು ಹೇಳಿಕೊಟ್ಟರೆ ಅವನು ಹೆದರುತ್ತಾನೆ" ಎಂದರು. ಆಗುವುದಿಲ್ಲ ಎಂದು ವಾದಿಸುವಷ್ಟು ಕಸುವೂ ನನ್ನಲ್ಲಿರಲಿಲ್ಲ, ಒಪ್ಪಿಕೊಂಡೆ. ಹುಡುಗ ಬಿಡಿ ಅಕ್ಷರಗಳನ್ನು ಓದುತ್ತಿದ್ದ, ಕಾಗುಣಿತವನ್ನೂ ತಡವರಿಸುತ್ತಾ ದಾಟುತ್ತಿದ್ದ. ಒತ್ತಕ್ಷರ ಬಂದೊಡನೆ ನಿಂತುಬಿಡುತ್ತಿದ್ದ, ದಾರಿಯಲ್ಲಿ ಕಲ್ಲು ತಾಗಿದ ಕುರುಡನ ಹಾಗೆ. ಬೆರಳು ಆ ಅಕ್ಷರದ ಮೇಲೇ ಇರುತ್ತಿತ್ತು, ತುಟಿ ಅಲುಗುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಮೊದಲ ವಾರ ನಾನೇ ಓದಿ ಹೇಳಿಬಿಡುತ್ತಿದ್ದೆ. ಆಮೇಲೆ ಕಾಯುವುದನ್ನು ಕಲಿತೆ. ಅವನು ತಡಕಾಡುವಾಗ ಸುಮ್ಮನಿರುವುದು ಎಷ್ಟು ಕಷ್ಟವೆಂದು ಪಾಠ ಹೇಳಿಕೊಟ್ಟವರಿಗೆಲ್ಲ ಗೊತ್ತು.

ಅವನನ್ನು ಅತಿಯಾಗಿ ಸತಾಯಿಸಿದ್ದು ಅರ್ಕಾವೊತ್ತು. 'ಅರ್ಥ' ಎಂಬ ಪದವನ್ನು ಅವನು 'ಅಥರ' ಎಂದು ಓದುತ್ತಿದ್ದ. ಅವನ ತಪ್ಪೇನಿದೆ? ಆ ಗುರುತು ಬರೆಯುವಾಗ ಕೊನೆಗೆ ಬರುತ್ತದೆ, ಓದುವಾಗ ಅದನ್ನು ಮೊದಲೇ ಉಚ್ಚರಿಸಬೇಕು. "ಹಿಂದೆ ಇರುವುದನ್ನು ಮುಂದೆ ಯಾಕೆ ಓದಬೇಕು?" ಎಂದು ಕೇಳಿದ. ಕನ್ನಡ ಕಲಿಸುವವಳಾದ ನನಗೆ ಆ ಪ್ರಶ್ನೆ ಅಲ್ಲಿಯವರೆಗೆ ಬಂದಿರಲಿಲ್ಲ. ಸೂರ್ಯ, ಧೈರ್ಯ, ಮಾರ್ಗ ಎಂದು ಇಬ್ಬರೂ ಹುಡುಕಿ ಹುಡುಕಿ ಪಟ್ಟಿ ಮಾಡಿದೆವು. ಒಂದು ಸಂಜೆ ಮನೆಗೆ ಹೊರಡುವಾಗ, ನಾಳೆ ಅವನಿಗೆ ಯಾವ ಪದಗಳನ್ನು ಕೊಡಲಿ ಎಂದು ಲೆಕ್ಕ ಹಾಕುತ್ತಿದ್ದೆ. ಬಾಗಿಲ ಬಳಿ ಬಂದಾಗ ಗೊತ್ತಾಯಿತು, ಅರ್ಧ ಗಂಟೆಯಿಂದ ನನ್ನ ಬಗ್ಗೆ ಒಂದು ಯೋಚನೆಯೂ ಬಂದಿರಲಿಲ್ಲ. ತಿಂಗಳುಗಳ ನಂತರ ಆ ಬಿಡುವು ಸಿಕ್ಕಿತ್ತು. ರುಚಿ ಮರಳಿದ್ದು ಆಮೇಲೆ, ನಿಧಾನವಾಗಿ. ಇಂಥ ದಿನವೇ ಮರಳಿತು ಎಂದು ಹೇಳಲಾರೆ.

ಇದನ್ನು ಬರೆಯುವಾಗ ಒಂದು ಎಚ್ಚರ. ಮನಸ್ಸು ಹಾಗೆ ಕುಸಿದಾಗ ವೈದ್ಯರ ನೆರವು ಬೇಕಾಗುವವರು ಬಹಳ ಮಂದಿ ಇದ್ದಾರೆ, ಅವರು ಅದನ್ನು ಪಡೆಯಲೇಬೇಕು. ಒಬ್ಬ ಹುಡುಗನಿಗೆ ಓದು ಕಲಿಸಿದರೆ ಎಲ್ಲರಿಗೂ ಗುಣವಾಗುತ್ತದೆ ಎಂದು ನಾನು ಹೇಳುತ್ತಿಲ್ಲ.

ಸ್ಫೂರ್ತಿ ಬರಲಿ, ಆಮೇಲೆ ಕೆಲಸಕ್ಕೆ ಕೈಹಚ್ಚೋಣ ಎಂಬ ನಂಬಿಕೆ ನನ್ನಲ್ಲೂ ಬಲವಾಗಿತ್ತು. ಸಂಗೀತಗಾರ ಚೈಕೋವ್‌ಸ್ಕಿ 1878ರಲ್ಲಿ ಬರೆದ ಪತ್ರವೊಂದರಲ್ಲಿ, ಸ್ಫೂರ್ತಿ ಎಂಬ ಅತಿಥಿ ಸೋಮಾರಿಗಳ ಬಳಿಗೆ ಇಷ್ಟಪಟ್ಟು ಬರುವುದಿಲ್ಲ ಎಂದಿದ್ದಾನೆ. ಸೋಮಾರಿ ಎಂಬ ಪದ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಕಾದು ಕುಳಿತವರಲ್ಲಿ ಹೆಚ್ಚಿನವರು ಸೋಮಾರಿಗಳಲ್ಲ, ದಣಿದವರು. ಆದರೆ ಅವನು ಕಂಡ ಕ್ರಮ ನಿಜ. ಅರ್ಕಾವೊತ್ತಿನ ಕ್ರಮ ಅದು. ಮೊದಲು ಇರಬೇಕೆಂದು ನಾವು ಎಣಿಸುವುದು, ಬರೆಯುತ್ತಾ ಹೋದಾಗ ಕೊನೆಯಲ್ಲಿ ಬಂದು ಸೇರುತ್ತದೆ.

ಎರಡನೆಯ ಗುರುತು ವಿಕ್ಟರ್ ಫ್ರಾಂಕ್ಲ್ ಅವರ ಮಾತಿಗೆ. ಬದುಕಿನಿಂದ ನನಗೇನು ಬೇಕು ಎಂದು ಕೇಳುವುದನ್ನು ಬಿಟ್ಟು, ಬದುಕು ನನ್ನಿಂದ ಏನನ್ನು ಕೇಳುತ್ತಿದೆ ಎಂದು ನೋಡಬೇಕು, ಉತ್ತರ ಕೊಡಬೇಕಾದವರು ನಾವು ಎಂಬುದು ಅದರ ಸಾರ. ಎಷ್ಟೋ ಸಲ ಹಲಗೆಗೆ ಬರೆದಿದ್ದೆ. ಈ ಸಲ ಅದರ ಹಿಂದಿನದನ್ನು ಓದಿದೆ. ವಿಯೆನ್ನಾದ ಈ ಮನೋವೈದ್ಯರಿಗೆ ಯುದ್ಧಕಾಲದಲ್ಲಿ ಅಮೆರಿಕಕ್ಕೆ ಹೋಗಲು ವೀಸಾ ಸಿಕ್ಕಿತ್ತು. ಹೋದರೆ ಜೀವ ಉಳಿಯುತ್ತಿತ್ತು, ಆದರೆ ಮುಪ್ಪಾದ ತಂದೆ ತಾಯಿಯನ್ನು ನಾಜಿಗಳ ಕೈಗೆ ಬಿಟ್ಟು ಹೋಗಬೇಕಿತ್ತು. ಮನೆಯಲ್ಲಿ ಒಂದು ಅಮೃತಶಿಲೆಯ ಚೂರು ಕಂಡಿತು. ನಾಜಿಗಳು ಕೆಡವಿದ ಯೆಹೂದಿ ಮಂದಿರದಿಂದ ತಂದೆ ಆಯ್ದು ತಂದದ್ದು. ಅದರ ಮೇಲಿದ್ದ ಒಂದೇ ಅಕ್ಷರ, ತಂದೆ ತಾಯಿಯನ್ನು ಗೌರವಿಸು ಎಂಬ ಕಟ್ಟಳೆಗೆ ಸೇರಿದ್ದು. ಅವರು ವೀಸಾದ ಅವಧಿ ಮುಗಿಯಲು ಬಿಟ್ಟು ಅಲ್ಲಿಯೇ ಉಳಿದರು. 1942ರಲ್ಲಿ ಅವರನ್ನೂ ಹೆಂಡತಿಯನ್ನೂ ತಂದೆ ತಾಯಿಯನ್ನೂ ನಾಜಿಗಳು ಹಿಡಿದೊಯ್ದರು. ತಂದೆ, ತಾಯಿ, ಹೆಂಡತಿ ಯಾರೂ ಉಳಿಯಲಿಲ್ಲ. ಕೋಟಿನೊಳಗೆ ಬಚ್ಚಿಟ್ಟಿದ್ದ ಹಸ್ತಪ್ರತಿ ಆಶ್ವಿಟ್ಸ್ ಸೆರೆಶಿಬಿರದಲ್ಲಿ ಹೋಯಿತು. ಜ್ವರದಲ್ಲಿ ನರಳುತ್ತಾ, ಕದ್ದು ತಂದ ಕಾಗದದ ಚೂರುಗಳ ಮೇಲೆ ಅದನ್ನು ಮತ್ತೆ ಬರೆಯಲು ಯತ್ನಿಸಿದರು. ಬಿಡುಗಡೆಯ ನಂತರ ಒಂಬತ್ತು ದಿನಗಳಲ್ಲಿ ತಮ್ಮ ಅನುಭವವನ್ನು ಹೇಳಿ ಬರೆಯಿಸಿದರು. ಅದು 1946ರಲ್ಲಿ ಪ್ರಕಟವಾಯಿತು.

ಇದನ್ನು ಓದಿದ ಮೇಲೆ ಆ ಸಾಲನ್ನು ಸೀಮೆಸುಣ್ಣದಲ್ಲಿ ಬರೆಯಲು ನನಗೆ ಬಹಳ ದಿನ ಕೈ ಬರಲಿಲ್ಲ. ಆದರೂ ಅದಕ್ಕೆ ಗುರುತು ಹಾಕಿದ್ದೇನೆ. ನನ್ನ ಪುಟ್ಟ ಬದುಕಿನಲ್ಲಿ ಬದುಕು ಕೇಳಿದ್ದು ಸಂಜೆಯ ಅರ್ಧ ಗಂಟೆಯನ್ನು. ಪ್ರಶ್ನೆ ಸಣ್ಣದು ಎಂದು ಉತ್ತರ ಕೊಡದಿರಲಾಗುತ್ತದೆಯೇ?

ಮೂರನೆಯದು ಮಾರ್ಕಸ್‌ನದು. ಅವನ ಆಳ್ವಿಕೆಯ ಬಹುಪಾಲು ಯುದ್ಧ ಮತ್ತು ಪಿಡುಗಿನಲ್ಲೇ ಕಳೆಯಿತು. ಹುಟ್ಟಿದ ಹತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಬಹುಪಾಲು ಅವನ ಕಣ್ಣೆದುರೇ ತೀರಿಕೊಂಡರು. ಡ್ಯಾನ್ಯೂಬ್ ನದಿಯ ಕಡೆಯ ದಂಡಿನ ಬೀಡುಗಳಲ್ಲಿ ಅವನು ತನಗಾಗಿ ಮಾತ್ರ ಬರೆದುಕೊಂಡ ಟಿಪ್ಪಣಿಗಳನ್ನು ಓದಿದರೆ ಮೊದಲು ಬೇಸರವಾಗಬಹುದು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾನೆ. ನನಗೆ ಅವನು ಹತ್ತಿರವಾದದ್ದು ಅದರಿಂದಲೇ. ಬೆಳಿಗ್ಗೆ ಏಳಲು ಮನಸ್ಸಿಲ್ಲದಾಗ, ಮನುಷ್ಯನ ಕೆಲಸ ಮಾಡಲು ಏಳುತ್ತಿದ್ದೇನೆ ಎಂದು ನೆನೆಸಿಕೋ ಎಂದು ಚಕ್ರವರ್ತಿಯಾದವನು ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದಾನೆ. ಒಂದು ಸಲ ಅರಿತರೆ ಸಾಕಾಗುವುದಿದ್ದರೆ ಅವನು ಎರಡನೆಯ ಸಲ ಬರೆಯುತ್ತಿರಲಿಲ್ಲ.

ಕನ್ನಡದಲ್ಲಿ 'ತಿಳಿ' ಎಂದರೆ ಅರಿತುಕೋ ಎಂದೂ ಆಗುತ್ತದೆ, ಕದಡದೆ ತಳ ಕಾಣುವಂತಿರುವುದು ಎಂದೂ ಆಗುತ್ತದೆ. ತಿಳಿನೀರು ಎನ್ನುತ್ತೇವೆ. ಹೊರಗಿನಿಂದ ತಂದು ತುಂಬಿಸಿದರೆ ನೀರು ತಿಳಿಯಾಗುವುದಿಲ್ಲ, ಕೆಸರು ಕೆಳಗಿಳಿಯಲು ಬಿಟ್ಟರೆ ಆಗುತ್ತದೆ. ನಾಳೆ ಯಾರೋ ಕಾಲಿಟ್ಟರೆ ಮತ್ತೆ ಕದಡುತ್ತದೆ, ಮತ್ತೆ ಕಾಯಬೇಕು. ಮಾರ್ಕಸ್ ಪ್ರತಿದಿನ ಮಾಡುತ್ತಿದ್ದುದು ಇದನ್ನೇ ಇರಬೇಕು. ಕೆಟ್ಟ ವರ್ಷದ ನಂತರ ಬೆಳಿಗ್ಗೆ ಏಳಲು ಭಾರವಾದ ದಿನಗಳಲ್ಲಿ ನಾನು ಅವನ ಸಾಲನ್ನು ಹೇಳಿಕೊಂಡು ಎದ್ದಿದ್ದೇನೆ. ಎಲ್ಲ ದಿನ ಅಲ್ಲ, ಬಹಳ ದಿನ.

ಡಾರ್ವಿನ್‌ನ ಒಂದು ಕೊರಗಿಗೂ ಗುರುತು ಹಾಕಬೇಕೆನಿಸಿತ್ತು. 1876ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ಕವಿತೆಯ ರುಚಿಯೇ ತನಗೆ ಹೋಗಿಬಿಟ್ಟಿದೆ, ಮತ್ತೆ ಬಾಳುವುದಿದ್ದರೆ ವಾರಕ್ಕೊಮ್ಮೆಯಾದರೂ ಒಂದಿಷ್ಟು ಕವಿತೆ ಓದಿ ಸಂಗೀತ ಕೇಳುವ ನಿಯಮ ಇಟ್ಟುಕೊಳ್ಳುತ್ತಿದ್ದೆ ಎಂದು ಬರೆದ. ಆ ನಿಯಮವನ್ನು ನಾನು ಶುರುಮಾಡಿ ಇನ್ನೂ ಹೆಚ್ಚು ದಿನವಾಗಿಲ್ಲ, ಹಾಗಾಗಿ ಲೆಕ್ಕಕ್ಕೆ ಸೇರಿಸಲಿಲ್ಲ.

ಉಳಿದದ್ದು ಒಂದು ಅರ್ಧ ಗುರುತು. ನಿನ್ನ ಕೈಯಲ್ಲಿರುವುದನ್ನೂ ಇಲ್ಲದ್ದನ್ನೂ ಬೇರ್ಪಡಿಸಿಕೋ ಎಂಬ ಎಪಿಕ್ಟೆಟಸ್‌ನ ಪಾಠ. ಇಪ್ಪತ್ತು ವರ್ಷಗಳಿಂದ ಗೆಳತಿಯಾಗಿದ್ದವಳೊಬ್ಬಳು ಕಾರಣ ಹೇಳದೆ ಮಾತು ನಿಲ್ಲಿಸಿದಾಗ ನಾನು ಈ ಸಾಲನ್ನು ಹಿಡಿದುಕೊಂಡೆ. ಅವಳ ಮನಸ್ಸು ನನ್ನ ಕೈಯಲ್ಲಿಲ್ಲ ಎಂದು ಹಗಲೆಲ್ಲ ಹೇಳಿಕೊಂಡೆ. ರಾತ್ರಿಯಾದರೆ ಎಲ್ಲಿ ತಪ್ಪಿದೆ ಎಂದು ಹಳೆಯ ಮಾತುಗಳನ್ನೆಲ್ಲ ತಿರುವಿ ಹಾಕುತ್ತಿದ್ದೆ. ಎರಡು ವರ್ಷವಾಯಿತು. ಬೇರ್ಪಡಿಸುವುದು ಬುದ್ಧಿಗೆ ಬಂದಿದೆ, ಎದೆಗೆ ಇಳಿದಿಲ್ಲ.

ಹುಡುಗಿಗೆ ಉತ್ತರ ಕೊಡುವಷ್ಟರಲ್ಲಿ ಅವಳು ಒಂಬತ್ತನೆಯ ತರಗತಿಗೆ ಹೋಗಿದ್ದಳು. ಒಂದು ಬೆಳಿಗ್ಗೆ ಹಜಾರದಲ್ಲಿ ಅವಳನ್ನು ನಿಲ್ಲಿಸಿ "ಮೂರೂವರೆ" ಎಂದೆ. ಅವಳು ಕ್ಷಣಕಾಲ ನನ್ನ ಮುಖ ನೋಡಿದಳು, ಆಮೇಲೆ ನೆನಪಾಯಿತು. ಮುಖ ಅರಳಿತು.

"ಅಷ್ಟೊಂದಾ ಟೀಚರ್?"

ಐದು ನೋಟ್‌ಬುಕ್‌ಗಳಿಗೆ ಮೂರೂವರೆ ಎಂದು ನಾನು ತಿಂಗಳುಗಟ್ಟಲೆ ನಾಚಿಕೊಂಡಿದ್ದೆ. ಅದು ಹೆಚ್ಚು ಎಂದು ಯಾರಿಗಾದರೂ ಅನಿಸಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಅವಳು ಚೀಲವನ್ನು ಮೆಟ್ಟಿಲ ಮೇಲಿಟ್ಟು ಪಕ್ಕದಲ್ಲಿ ಕುಳಿತು ನನಗೂ ಜಾಗ ಬಿಟ್ಟಳು.

"ಅರ್ಧ ಇದೆಯಲ್ಲ, ಮೊದಲು ಅದನ್ನು ಹೇಳಿ."